ಸೋರೆಕಾಯಿ ಜ್ಯೂಸೂ ನಮ್ಮವರ ನಾಲಿಗೆಯೂ

ಸ್ನೇಹಿತರೇ, ವಿಜಯವಾಡದ ಆಸ್ಪತ್ರೆಯೊಂದರಲ್ಲಿ, ಡ್ರಿಪ್ ಹಾಕಿಸಿಕೊಂಡು ಮಲಗಿರುವ ಗಂಡನ ಪಕ್ಕ ಕೂತು ಇದನ್ನು ಬರೆಯುತ್ತಿದ್ದೇನೆ.

ಬ್ಯಾಂಕಿನ ಕುರ್ಚಿಯಲ್ಲಿ ಕೂತೂ ಕೂತೂ ಬಂದ ಹೊಟ್ಟೆ ಕರಗಿಸಲು ನಮ್ಮವರು ಒಂದು ವಾರದಿಂದ ತಿಂಡಿ ಬಿಟ್ಟು ತರಕಾರಿ ಜ್ಯೂಸ್ ಕುಡಿಯುತ್ತಿದ್ದಾರೆ. ಇವತ್ತು ಹಸಿ ಸೋರೆಕಾಯಿಯ ಸರದಿ. ಮೊದಲ ಗುಟುಕಿಗೇ ಮುಖ ಕಿವುಚಿದರು.

"ಕಹಿನಾ? ಚೆಲ್ಲಿಬಿಡ್ರಿ" ಅಂದೆ.

"ನಿಂಗೊತ್ತಿಲ್ಲ, ಸುಮ್ನಿರು. ಕಹಿ ಇದ್ದಷ್ಟೂ ಕೊಬ್ಬು ಬೇಗ ಕರಗುತ್ತೆ" ಅಂದವರೇ ಮೂಗು ಹಿಡಿದುಕೊಂಡು ದೊಡ್ಡ ಲೋಟ ಪೂರ್ತಿ ಖಾಲಿ ಮಾಡಿದರು.

ಅರ್ಧ ಗಂಟೆಯೊಳಗೆ ವಾಂತಿ ಶುರುವಾಯಿತು. ನಾಲ್ಕನೆಯ ಸಲಕ್ಕೆ ರಕ್ತ! ನನ್ನ ಜೀವ ಬಾಯಿಗೆ ಬಂತು. ಪಕ್ಕದ ಮನೆಯವರು ಆಟೋ ಹಿಡಿದು ನಮ್ಮ ಪಟಮಟ ಬಡಾವಣೆಯಿಂದ ಇಲ್ಲಿಗೆ ಕರೆತಂದರು.

ಸೋರೆಕಾಯಿ ಜ್ಯೂಸ್ ಅನ್ನುತ್ತಿದ್ದಂತೆ ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆ, "ಚೇದುಗಾ ಉಂದಾ ಅಂಡಿ?" ಕಹಿ ಇತ್ತೇ ಎಂದು. ಹೌದೆಂದೆ. ಅವರು ಪೆನ್ನು ಕೆಳಗಿಟ್ಟರು. ಕಹಿ ಸೋರೆಕಾಯಿ ವಿಷವಂತೆ, ಪ್ರಾಣವೇ ಹೋಗಬಹುದಂತೆ. "ನಾಲಿಗೆ ಕಹಿ ಅಂತ ಹೇಳಿದ ಮೇಲೂ ಕುಡಿದರಾ?" ಎಂದು ತೆಲುಗಿನಲ್ಲೇ ಗದರಿದರು.

ಈಗ ಅಪಾಯವಿಲ್ಲವಂತೆ, ದೇವರು ದೊಡ್ಡವನು. ಆದರೆ ಈ ಕಡೆ ಹೆಸರುವಾಸಿಯಾದ ಅನಕಾಪಲ್ಲಿ ಬೆಲ್ಲ ಧಾರಾಳವಾಗಿ ಹಾಕಿ ನಾನು ಮಾಡಿದ ಹಾಗಲಕಾಯಿ ಗೊಜ್ಜನ್ನು ಮೊನ್ನೆ "ಥೂ, ಕಹಿ" ಎಂದು ತಟ್ಟೆಯ ಅಂಚಿಗೆ ತಳ್ಳಿದ್ದು ಇದೇ ನಾಲಿಗೆ!