ಚಾಚಿದ ಎಡಗೈ

ಎದುರಿಗೆ ಕೂತವರು ನರ್ಸ್ ಎಂದು ತಿಳಿದ ಕ್ಷಣ ಮನುಷ್ಯನ ಎಡಗೈ ತಾನಾಗಿಯೇ ಮುಂದಕ್ಕೆ ಚಾಚಿಕೊಳ್ಳುತ್ತದೆ. ನೀವು ಗಮನಿಸಿರದಿದ್ದರೆ ಮುಂದಿನ ಮದುವೆಯೂಟದ ಪಂಕ್ತಿಯಲ್ಲಿ ಪರೀಕ್ಷಿಸಿ ನೋಡಿ. ವಕೀಲರ ಮುಂದೆ ದನಿ ತಗ್ಗಿಸುತ್ತೇವೆ, ಜ್ಯೋತಿಷಿಯ ಮುಂದೆ ಬಲಗೈ ಬಿಚ್ಚುತ್ತೇವೆ, ನರ್ಸಿನ ಮುಂದೆ ಮಾತ್ರ ಎಡಗೈ, ಅದೂ ಅಂಗಿಯ ತೋಳು ಮಡಚಿ, ಬಿ.ಪಿ. ಪಟ್ಟಿಗೆ ಜಾಗ ಮಾಡಿಕೊಟ್ಟು. ನನ್ನ ಅಕ್ಕನ ಮಗಳು ಸುಮಂಗಲಾ ಸಿಂಧನೂರಿನಿಂದ ಬಂದು ಕೆ.ಆರ್. ಪುರದ ನಮ್ಮ ಬಾಡಿಗೆ ಮನೆಯಲ್ಲಿ ಇರತೊಡಗಿದ ಮೇಲಂತೂ ಈ ಕೈ ನನ್ನ ಮಾತು ಕೇಳುವುದನ್ನೇ ಬಿಟ್ಟಿದೆ. ಉಪ್ಪಿನಕಾಯಿ ಬಡಿಸಲು ಬಂದವಳ ಮುಂದೆಯೂ ಅದು ಸಿದ್ಧವಾಗಿ ಮಲಗಿರುತ್ತದೆ.

ಅವಳು ನರ್ಸಿಂಗ್ ಓದಿಗೆ ಹೇಗೆ ಬಂದಳೆಂಬುದಕ್ಕೆ ನನ್ನ ಬಳಿ ಒಂದು ಸೊಗಸಾದ ಕಥೆಯಿತ್ತು. ಚಿಕ್ಕಂದಿನಲ್ಲಿ ಅವಳು ಅಜ್ಜಿಯ ಹಳೆ ಸೀರೆ ಹರಿದು ನಾಯಿಮರಿಯ ಮುರಿದ ಕಾಲಿಗೆ ಪಟ್ಟಿ ಕಟ್ಟಿದ್ದು, ಬಾಗಿಲ ಮರೆಯಿಂದ ನೋಡಿದ ನಾನು ಇವಳ ಭವಿಷ್ಯವನ್ನು ಅಲ್ಲೇ ಓದಿಬಿಟ್ಟಿದ್ದು. ಆ ಹೊತ್ತಿನ ಬಿಸಿಲು, ಸೀರೆಯಂಚಿನ ಬಣ್ಣ ಎಲ್ಲವೂ ನನಗೆ ನೆನಪಿದೆ. ಕಳೆದ ತಿಂಗಳು ಮನೆಗೆ ಬಂದವರ ಮುಂದೆ ಇದನ್ನು ಹೇಳಿ ಮುಗಿಸಿದಾಗ ಸುಮಂಗಲಾ, “ಮಾಮಾ, ಅದು ನಾನಲ್ರಿ, ನನ್ನ ತಂಗಿ. ಆಕಿ ಈಗ ಬ್ಯಾಂಕಿನಾಗ ಅದಾಳ” ಎಂದಳು. ಗೆಳತಿಯೊಬ್ಬಳು ನರ್ಸಿಂಗಿಗೆ ಅರ್ಜಿ ಹಾಕಲು ಹೊರಟಿದ್ದಳಂತೆ, ಒಬ್ಬಳೇ ಹೋಗಲು ಬೇಸರವೆಂದು ಇವಳನ್ನೂ ಎಳೆದುಕೊಂಡು ಹೋದಳಂತೆ. ಆ ಗೆಳತಿ ಮೊದಲ ವರ್ಷವೇ ಓದು ಬಿಟ್ಟಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ನಾಯಿಮರಿ ಮಾತ್ರ ಇನ್ನೂ ನನ್ನ ತಲೆಯೊಳಗೆ ಕುಂಟುತ್ತಲೇ ಇದೆ.

ಮೂರು ವರ್ಷದ ನರ್ಸಿಂಗ್ ಡಿಪ್ಲೊಮಾ ಜಿ.ಎನ್.ಎಂ. ಸಾಕೋ, ನಾಲ್ಕು ವರ್ಷದ ಬಿ.ಎಸ್ಸಿ. ಬೇಕೋ ಎಂಬ ಮೊದಲ ಕವಲಿನಲ್ಲಿ ಅಕ್ಕನೊಡನೆ ಜಗಳವಾಡಿ ಬಿ.ಎಸ್ಸಿ.ಯನ್ನು ಗೆಲ್ಲಿಸಿದವನು ನಾನು. ಇನ್ನು ದಾರಿ ನೇರವೆಂದುಕೊಂಡಿದ್ದೆ. ಆದರೆ ಓದು ಮುಗಿಸಿ, ಶಿವಾಜಿನಗರದ ಕಡೆಯ ಆಸ್ಪತ್ರೆಯೊಂದರಲ್ಲಿ ವರ್ಷವಿಡೀ ವಾರ್ಡಿನಿಂದ ವಾರ್ಡಿಗೆ ಸುತ್ತಿದವಳಿಗೆ ಈಗ ಎರಡನೆಯ ಕವಲು ಎದುರಾಗಿತ್ತು. ಯಾವುದಾದರೊಂದು ವಿಭಾಗವನ್ನು ಹಿಡಿದು, ಅದರಲ್ಲಿ ಒಂದು ವರ್ಷದ ವಿಶೇಷ ಡಿಪ್ಲೊಮಾ ಓದಿ, ಅಲ್ಲೇ ನೆಲೆಯಾಗಬೇಕು. ಯಾವುದೆಂದು ಸೋಮವಾರ ಮೇಲ್ವಿಚಾರಕಿಗೆ ತಿಳಿಸಬೇಕು. ಒಮ್ಮೆ ಹಿಡಿದರೆ ಬದಲಿಸುವುದು ಸುಲಭವಲ್ಲವಂತೆ. ಆ ವಾರವೆಲ್ಲ ಅವಳು ತಟ್ಟೆಯಲ್ಲಿ ಅನ್ನವನ್ನು ಆ ಬದಿಯಿಂದ ಈ ಬದಿಗೆ ಸರಿಸುತ್ತ ಕೂತಿರುತ್ತಿದ್ದಳು. ಬಸ್ಸು ಸ್ವಲ್ಪ ತಡವಾದರೂ ಅಪಘಾತವನ್ನು ಕಲ್ಪಿಸಿಕೊಳ್ಳುವ ಜಾತಿಯ ನನಗೆ ಅವಳ ಆತಂಕ ಅಂಟಲು ಹೊತ್ತು ಬೇಕಾಗಲಿಲ್ಲ.

ಭಾನುವಾರ ಬೆಳಿಗ್ಗೆ ಸಲಹಾಸಭೆ ತಾನಾಗಿಯೇ ಕೂಡಿತು. ಕೆಳಗಿನ ಮನೆಯಲ್ಲಿರುವ ನಮ್ಮ ಮಾಲೀಕರು, ಹಲಸೂರಿನಲ್ಲಿ ಹುಟ್ಟಿ ಬೆಳೆದ ಸೆಲ್ವರಾಜ್, ಕಾಫಿಯ ವಾಸನೆ ಹಿಡಿದು ಮೇಲೆ ಬಂದರು. “ಡಯಾಲಿಸಿಸ್ ತಗೋಮ್ಮಾ, ಕಣ್ಮುಚ್ಕೊಂಡ್ ತಗೋ. ಫ್ಯೂಚರೆಲ್ಲಾ ಅದ್ರಲ್ಲೇ ಇರೋದು.” ನನ್ನ ಹೆಂಡತಿ ಗೀತಾ ಮೂಳೆ ವಿಭಾಗದ ಪರವಾಗಿ ನಿಂತಳು: “ಎಲ್ರ ಮಂಡೀನೂ ಒಂದಲ್ಲ ಒಂದಿನ ಕೈ ಕೊಡುತ್ತೆ ಕಣೇ.” ಫೋನಿನ ಆ ಕಡೆಯಿಂದ ಅಕ್ಕ, “ಎದಿ ವಾರ್ಡ್ ಭೇಷಿ ಅಲ್ಲೇನಪ್ಪ? ದೊಡ್ಡ ಡಾಕ್ಟರ್ರ ಗುರ್ತಾದ್ರೂ ಆಗ್ತದ” ಎಂದಳು. ನಾನು, ಮಿದುಳೇ ಮನುಷ್ಯನ ರಾಜಧಾನಿ, ಉಳಿದ ಅಂಗಗಳೆಲ್ಲ ಅದರ ತಾಲ್ಲೂಕುಗಳು ಎಂಬ ಅರ್ಥದ ಸಣ್ಣ ಉಪನ್ಯಾಸವನ್ನೇ ಕೊಟ್ಟೆ.

ಸುಮಂಗಲಾ ಎಲ್ಲವನ್ನೂ ಕೇಳಿಸಿಕೊಂಡು ಮೆಲ್ಲಗೆ, “ಅಂಕಲ್, ಈ ಸಲ ಕಿಡ್ನಿ ಟೆಸ್ಟಿನಾಗ ಏನ್ ಬಂತ್ರಿ?” ಎಂದಳು.

ಸೆಲ್ವರಾಜ್ ಲೋಟವನ್ನು ಕೆಳಗಿಟ್ಟರು. “ಸ್ವಲ್ಪ ಜಾಸ್ತಿ ಬಂದಿದೆ. ಅದಕ್ಕೂ ಇದಕ್ಕೂ ಏನಮ್ಮಾ?”

ಗೀತಾಳ ಅಮ್ಮ ಮಂಡಿ ಹಿಡಿದುಕೊಂಡು ಒಳಕೋಣೆಯಲ್ಲಿ ಮಲಗಿದ್ದರು. ಅಕ್ಕನಿಗೆ ಹೋದ ವರ್ಷವಷ್ಟೇ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ಸಂತೆದಿನದ ಬಸ್ಸಿಗೆ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರ ಹಾಗೆ, ನಾವೆಲ್ಲ ಆ ಹುಡುಗಿಯ ಬದುಕಿನೊಳಗೆ ನಮ್ಮ ನಮ್ಮ ಟವೆಲುಗಳನ್ನು ಎಸೆದು ಕೂತಿದ್ದೆವು.

“ಮತ್ತ ಮಾಮಾ, ನಿಮಗ ಮಿದುಳು ಯಾಕ ಬೇಕ್ರಿ?”

“ಇಲ್ಲದ್ದಕ್ಕೇ ಬೇಕು ಅವರಿಗೆ” ಎಂದಳು ಗೀತಾ. ನಗು ಎದ್ದಿತು. ಆ ನಗೆಯ ಮರೆಯಲ್ಲಿ ನಾನು, “ಸುಮ್ಮನೆ ಹೇಳಿದೆನವ್ವ, ಏನಿಲ್ಲ” ಎಂದೆ.

ಏನಿಲ್ಲ ಎಂಬುದು ಸುಳ್ಳು. ನನ್ನ ಅಪ್ಪ ಕೊನೆಯ ದಿನಗಳಲ್ಲಿ ನನ್ನನ್ನು ಅಂಚೆಯವನೆಂದು ತಿಳಿದು, ಪತ್ರ ಇಲ್ಲವೇ ಎಂದು ದಿನವೂ ಕೇಳುತ್ತಿದ್ದರು. ಕೇಳುತ್ತಿದ್ದರೆಂದು ನನ್ನ ನೆನಪು. ನಾಯಿಮರಿಯ ಗತಿ ಕಂಡ ಮೇಲೆ ಅದನ್ನೂ ನಂಬಲು ಧೈರ್ಯ ಸಾಲದು. ಅಂದು ಅತಿಥಿಗಳ ಮುಂದೆ ಎಲ್ಲರೊಂದಿಗೆ ನಕ್ಕ ನಾನು ಒಳಗೆ ಹೆದರಿದ್ದೆ: ನೆನಪಿನಲ್ಲಿ ಬಿಸಿಲು, ಸೀರೆಯಂಚು ಎಲ್ಲ ಉಳಿದು, ಮನುಷ್ಯರು ಮಾತ್ರ ಅದಲುಬದಲಾಗುವ ಅಪ್ಪನ ಕಾಯಿಲೆ ಹೀಗೇ ಶುರುವಾಗುತ್ತದೆಯೇ ಎಂದು.

ಸೋಮವಾರ ಶಿವಾಜಿನಗರದಲ್ಲಿ ಕೆಲಸವಿದೆಯೆಂದು ನೆಪ ಹೇಳಿ ಅವಳ ಜೊತೆಗೆ ಬಸ್ಸು ಹತ್ತಿದೆ. ಹಳೆ ಮದ್ರಾಸ್ ರಸ್ತೆಯಲ್ಲಿ ವಾಹನಗಳು ಒಂದರ ಬೆನ್ನಿಗೊಂದು ಹತ್ತಿಕೊಂಡು ನಿಂತಿದ್ದವು. ಅವಳು ಉತ್ತರ ಹೇಳಬೇಕಾದ ಗಳಿಗೆಯೇ ಬರಬಾರದೆಂದು ನಿಂತಂತಿತ್ತು. ಇಂದಿರಾನಗರದ ಹತ್ತಿರ ಬಸ್ಸು ಅಲುಗಿದಾಗ ಅವಳು ಹೇಳಿದಳು: “ನವಜಾತ ಕೂಸಿನ ಐ.ಸಿ.ಯು. ತಗೋತೀನಿ ಮಾಮಾ.”

ನಮ್ಮ ಸಭೆಯಲ್ಲಿ ಯಾರಿಗೂ ಎಂದೂ ಬೇಕಾಗದ ವಿಭಾಗ! ನನ್ನ ಟವೆಲ್ ಕಿಟಕಿಯಿಂದ ಆಚೆಗೆ ಬಿದ್ದದ್ದು ನನಗೇ ಕೇಳಿಸಿತು.

“ಹೆದರಿಕೆ ಆಗೋದಿಲ್ಲೇನವ್ವ?”

“ಆಗ್ತದ್ರಿ. ಎಲ್ಲಾ ವಾರ್ಡಿಗಿಂತ ಅಲ್ಲೇ ಹೆಚ್ಚು. ಒಂದು ಕೂಸು ಉಳೀಲಿಲ್ಲ, ಎರಡು ದಿನ ಉಣ್ಣಾಕ ಆಗಲಿಲ್ಲ. ಆದ್ರ ಮತ್ತ ಅಲ್ಲಿಗೇ ಹೋಗಬೇಕನಸ್ತದ.” ಆಮೇಲೆ ನನ್ನ ಕಡೆ ತಿರುಗಿ ಸೇರಿಸಿದಳು: “ದೊಡ್ಡವರು ಏನಿಲ್ಲ ಅಂತಾರ ಮಾಮಾ. ನೀವು ನಿನ್ನೆ ಅಂದ್ರಲ್ಲ, ಹಂಗ. ಕೂಸಿಗೆ ಹಂಗನ್ನಾಕ ಬರೂದಿಲ್ಲ. ಬಣ್ಣ ನೋಡಿ ತಿಳ್ಕೋಬೇಕು.”

ನನಗೆ ತಿಳಿಯದಂತೆ ಎಡಗೈ ಚಾಚಿಕೊಂಡಿತ್ತು. ಅವಳು ನಾಡಿ ಹಿಡಿಯಲಿಲ್ಲ, ಹೆಬ್ಬೆರಳನ್ನಷ್ಟೇ ಹಿಡಿದಳು. ತಿಂಗಳು ತುಂಬದೆ ಹುಟ್ಟಿದ ಕೂಸಿನ ತೋಳು ಇಷ್ಟೇ ಇರುತ್ತದಂತೆ. ಉಗುರನ್ನು ಒತ್ತಿ ಬಿಟ್ಟಳು, ಅದು ಬಿಳಿಚಿಕೊಂಡಿತು. “ಕೂಸಿನ ಎದಿ ಮ್ಯಾಲ ಹಿಂಗ ಒತ್ತಿ ನೋಡ್ತೀವಿ. ರಕ್ತ ತಿರುಗಿ ಎಷ್ಟು ಲಗೂನ ಬರ್ತದ ಅಂತ.” ಅವಳ ಕಣ್ಣು ನನ್ನ ಉಗುರಿನಿಂದ ಕದಲಲಿಲ್ಲ. ವಾರವೆಲ್ಲ ಅನ್ನ ಸರಿಸುತ್ತಿದ್ದ ಕೈ ಈಗ ನನ್ನ ಹೆಬ್ಬೆರಳನ್ನು ಬಿಡದೆ ಹಿಡಿದಿತ್ತು. “ಬಂತು” ಎಂದಳು, ನನ್ನನ್ನು ಬದುಕಿಸಿದಷ್ಟು ಸಮಾಧಾನದಿಂದ.

ನನ್ನ ಮಿದುಳಿನ ಚಿಂತೆ ಹೋಗಿಲ್ಲ. ಆ ಬಸ್ಸು ನಿಂತದ್ದು ಇಂದಿರಾನಗರದಲ್ಲೋ ಹಲಸೂರಿನಲ್ಲೋ ಎಂಬುದು ಈ ಸಾಲು ಬರೆಯುವಾಗಲೇ ಅನುಮಾನವಾಗಿದೆ. ಅವಳು ಮೇಲ್ವಿಚಾರಕಿಗೆ ಹೇಳಿಯಾಯಿತು. ಈಗ ಅವಳ ಪಾಳಿ ಮುಗಿಯುವ ಹೊತ್ತಿಗೆ ಮುಖದ ಬಣ್ಣ ನೋಡಲು ನಾನು ಬಾಗಿಲಲ್ಲಿ ನಿಂತಿರುತ್ತೇನೆ, ಏನಿಲ್ಲ ಎಂದರೆ ನಂಬುವುದಿಲ್ಲ. ನಿನ್ನೆ ಊಟಕ್ಕೆ ಕೂತಾಗ ಅವಳು ಉಪ್ಪಿನಕಾಯಿ ತಂದಳು. ನನ್ನ ಎಡಗೈ ಅಭ್ಯಾಸದಂತೆ ಮುಂದೆ ಹೋಯಿತು. ಆದರೆ ಈಗ ತೋಳಲ್ಲ, ಹೆಬ್ಬೆರಳು ಮಾತ್ರ. ಅವಳು ಜಾಡಿಯನ್ನು ಕೆಳಗಿಟ್ಟು ಉಗುರನ್ನು ಒತ್ತಿ ಬಿಟ್ಟಳು. ಗೀತಾ ಕೈಯಲ್ಲಿ ಸೌಟು ಹಿಡಿದು ಬಗ್ಗಿ ನೋಡಿದಳು.

“ಬಂತೇನೇ?”

“ತಡೀರಿ ಅತ್ತಿ” ಎಂದಳು ಸುಮಂಗಲಾ, “ಬರ್ತದ.”