ಮೂರನೆಯ ನಡೆಯ ಕೋಟೆ

1994ರ ಜನವರಿಯ ಒಂದು ಭಾನುವಾರ ಮಧ್ಯಾಹ್ನ, ದೊಡ್ಡಬಳ್ಳಾಪುರದ ಶಾಲೆಯೊಂದರ ಹಾಲ್‌ನಲ್ಲಿ ನಡೆದ ಜಿಲ್ಲಾ ಮಹಿಳಾ ಚದುರಂಗ ತಂಡದ ಆಯ್ಕೆಯ ಕೊನೆಯ ಸುತ್ತಿನಲ್ಲಿ ನನ್ನ ತಂಗಿ ಸೋತಳು.

ನಾನು ಆಗ ಬೆಂಗಳೂರಿನ ಪತ್ರಿಕೆಯೊಂದಕ್ಕೆ ತಾಲ್ಲೂಕಿನ ಸುದ್ದಿ ಕಳಿಸುತ್ತಿದ್ದೆ. ಹಾಲ್‌ಗೆ ವರದಿಗಾರನಾಗಿ ಹೋಗಿದ್ದೆ. ಅಪ್ಪ ಗೋಡೆ ಬದಿಯ ಬೆಂಚಿನಲ್ಲಿ ಕೂತಿದ್ದರು. ತಂಡದಲ್ಲಿ ಒಂದು ಸ್ಥಾನ ಉಳಿದಿತ್ತು. ತಂಗಿಗೆ ಆಟ ಡ್ರಾ ಆದರೂ ಸಾಕು, ಆ ಸ್ಥಾನ ಅವಳದು. ತಂಡ ರಾಜ್ಯಮಟ್ಟದ ಪಂದ್ಯಕ್ಕೆ ಮೈಸೂರಿಗೆ ಹೋಗಬೇಕಿತ್ತು. ಬಿ.ಎಸ್ಸಿ. ಕೊನೆಯ ವರ್ಷದ ಹುಡುಗಿ ಭಾನುವಾರಗಳನ್ನೆಲ್ಲ ಗಂಡಸರ ನಡುವೆ ಕೂತು ಆಡುತ್ತಾಳೆಂದು ಅಜ್ಜಿ ಮನೆಯಲ್ಲಿ ದಿನಾ ಗೊಣಗುತ್ತಿದ್ದರು. "ಟೀಮಿಗೆ ಬರ್ಲಿ, ಆಮೇಲೆ ಯಾರೂ ಮಾತಾಡೋ ಹಂಗಿಲ್ಲ. ಬರ್ಲಿಲ್ಲ ಅಂದ್ರೆ ನಾನೇ ನಿಲ್ಲಿಸ್ತೀನಿ" ಎಂದು ಅಪ್ಪ ಮಾತು ಕೊಟ್ಟಿದ್ದರು. ಮೈಸೂರಿಗೆಂದು ಕಚೇರಿಯಲ್ಲಿ ರಜೆಯನ್ನೂ ಬರೆದುಕೊಟ್ಟಿದ್ದರು.

ಅವಳಿಗೆ ಆಟ ಕಲಿಸಿದವರು ಅಪ್ಪ. ನಮ್ಮ ಬೀದಿಯ ಕೊನೆಯಲ್ಲಿ, ಮಗ್ಗದ ಶೆಡ್ಡಿನ ಪಕ್ಕದ ಜಗಲಿಯಲ್ಲಿ ಆಡುವವರಿಗೆಲ್ಲ ಅವರೇ ಗುರು. ಮೊದಲು ಆ ಜಗಲಿಯಲ್ಲಿ ಊರಿನ ಹಳೆಯ ಪದ್ಧತಿ ನಡೆಯುತ್ತಿತ್ತು. ಕಾಲಾಳು ಯಾವಾಗಲೂ ಒಂದೇ ಮನೆ ನಡೆಯಬೇಕು. ಅಪ್ಪ ಒಮ್ಮೆ ಕಚೇರಿ ಕೆಲಸಕ್ಕೆ ಬೆಂಗಳೂರಿಗೆ ಹೋದವರು, ಸಾಹೇಬರು ಸಿಗುವವರೆಗೆ ಕಾಯುತ್ತಾ ಪಕ್ಕದ ಕ್ಲಬ್ಬೊಂದರಲ್ಲಿ ನಿಂತು ಆಟ ನೋಡಿದರು. ಅಲ್ಲಿ ಕಾಲಾಳು ಮೊದಲ ನಡೆಯಲ್ಲಿ ಎರಡು ಮನೆ ಹಾರುತ್ತಿತ್ತು. ಊರಿಗೆ ಬಂದು ಅದನ್ನು ಜಾರಿಗೆ ತಂದರು. ಅಂದು ಅವರು ಕಂಡ ಹೊಸ ನಿಯಮ ಅದೊಂದೇ.

ಫ್ರೆಂಚ್ ಡಿಫೆನ್ಸ್ ಎಂಬ ಆಟದ ಆರಂಭವನ್ನು ಕೂಡ ಅವರು ಅಲ್ಲಿಂದಲೇ ತಂದದ್ದು. ಬಿಳಿಯವರು ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದರೆ ಕಪ್ಪಿನವರು ತಮ್ಮ ರಾಜನ ಮುಂದಿನದನ್ನು ಒಂದೇ ಮನೆ ನಡೆಸುವುದು. ಆಮೇಲೆ ಎರಡೂ ಕಡೆಯ ಮಂತ್ರಿಗಳ ಮುಂದಿನ ಕಾಲಾಳುಗಳು ಎರಡೆರಡು ಮನೆ ಬಂದು ಮುಖಾಮುಖಿ ನಿಲ್ಲುತ್ತವೆ. ಬಿಳಿಯವರು ಮೊದಲಿನ ಕಾಲಾಳನ್ನು ಇನ್ನೊಂದು ಮನೆ ಮುಂದೊತ್ತಿದರೆ, ಅಪ್ಪನ ಮೂರನೆಯ ನಡೆ ಬರುತ್ತಿತ್ತು. ರಾಜನ ಪಕ್ಕದ ಒಂಟೆಯ ಮುಂದಿನ ಕಾಲಾಳನ್ನು ಎರಡು ಮನೆ ನೂಕಿ, ಬಿಳಿ ಕಾಲಾಳಿನ ಮಗ್ಗುಲಿಗೇ ನಿಲ್ಲಿಸುವುದು. ಅಲ್ಲಿಗೆ ಗೋಡೆ ಮುಚ್ಚಿತು. ಜಗಲಿಯವರು ಇದಕ್ಕೆ ದೇವನಹಳ್ಳಿ ಕೋಟೆ ಎಂದು ಹೆಸರಿಟ್ಟಿದ್ದರು. ಒಳಗೆ ಕೂತರೆ ಸೋಲಿಲ್ಲ ಎಂಬುದು ಅವರ ನಂಬಿಕೆ. ವರ್ಷಗಟ್ಟಲೆ ಯಾರೂ ಸೋತದ್ದನ್ನು ನಾನು ನೋಡಿರಲಿಲ್ಲ.

ಡ್ರಾ ಸಾಕಾಗಿದ್ದರಿಂದ ತಂಗಿ ಆ ದಿನ ಕೋಟೆಯನ್ನೇ ಕಟ್ಟಿದಳು. ಎದುರಿಗಿದ್ದವಳು ನೆಲಮಂಗಲದ ಹುಡುಗಿ, ಬಸ್ಸಿನಲ್ಲಿ ಬೆಂಗಳೂರಿನ ಕಾಲೇಜಿಗೆ ಹೋಗಿಬರುವವಳು. ತಂಗಿ ಮೂರನೆಯ ನಡೆ ಆಡಿ ಗಡಿಯಾರ ಒತ್ತಿ ಅಪ್ಪನ ಕಡೆ ನೋಡಿದಳು. ಅಪ್ಪ ತಲೆದೂಗಿದರು.

ನೆಲಮಂಗಲದ ಹುಡುಗಿ ತನ್ನ ಕಾಲಾಳನ್ನು ಎತ್ತಿ ಓರೆಯಾಗಿ ಖಾಲಿ ಮನೆಯಲ್ಲಿಟ್ಟಳು. ಪಕ್ಕದಲ್ಲಿದ್ದ ತಂಗಿಯ ಕಾಲಾಳನ್ನು ತೆಗೆದು ಹೊರಗಿಟ್ಟಳು.

ತಂಗಿ ಹಲಗೆ ನೋಡಿದಳು, ಅವಳ ಮುಖ ನೋಡಿದಳು, ಮತ್ತೆ ಹಲಗೆ ನೋಡಿದಳು.

"ಏನ್ರೀ ಇದು? ನನ್ ಕಾಲಾಳು ಆ ಮನೇಲಿ ಇಲ್ವೇ ಇಲ್ವಲ್ರೀ!"

"ದಾಟ್ಕೊಂಡ್ ಹೋಯ್ತಲ್ರೀ. ಹೊಡೀಬೋದು."

"ದಾಟ್ಕೊಂಡ್ ಹೋದ್ಮೇಲೆ ಹೋಯ್ತು! ಬಸ್ ಹೋದ್ಮೇಲೆ ಟಿಕೆಟ್ ಕೇಳ್ತಾರಾ?"

ಅಪ್ಪ ಬೆಂಚಿನಿಂದ ಎದ್ದು ಬಂದಿದ್ದರು. ಜೀವಮಾನದಲ್ಲಿ ಯಾರ ಮೇಲೂ ದನಿ ಎತ್ತದವರು, "ಸ್ವಾಮಿ, ಇದು ಮೋಸ" ಎಂದು ಕೂಗಿದರು. ಹಾಲ್‌ನ ಎಲ್ಲ ಆಟ ನಿಂತಿತು.

ತೀರ್ಪುಗಾರರು ಬೆಂಗಳೂರಿನವರು, ಸ್ವೆಟರ್ ತೊಟ್ಟ ಹಿರಿಯರು. ಗಡಿಯಾರ ನಿಲ್ಲಿಸಿ ತಾಳ್ಮೆಯಿಂದ ವಿವರಿಸಿದರು. ಕಾಲಾಳು ಎರಡು ಮನೆ ಹಾರಿ ಎದುರಾಳಿ ಕಾಲಾಳಿನ ಹೊಡೆತ ತಪ್ಪಿಸಿಕೊಂಡರೆ, ಅದು ಒಂದೇ ಮನೆ ನಡೆದಂತೆ ಎಣಿಸಿ ಹೊಡೆಯಬಹುದು. ಆದರೆ ಮರುನಡೆಯಲ್ಲೇ ಹೊಡೆಯಬೇಕು.

"ಯಾವಾಗ್ ಬಂತು ಸಾರ್ ಈ ರೂಲು?" ಎಂದರು ಅಪ್ಪ.

"ಎರಡು ಮನೆ ಯಾವಾಗ್ ಬಂತೋ ಅದರ ಜೊತೇಲೇ ಬಂತು. ನೂರಾರು ವರ್ಷ ಆಯ್ತು."

"ನಮ್ಮೂರಿಗೆ ಬಂದಿಲ್ಲ."

ಹಿಂದಿನಿಂದ ಯಾರೋ, "ನೆಲಮಂಗಲದಲ್ಲೇ ಇಳ್ಕೊಂಡ್ಬಿಡ್ತು ಗುರು" ಎಂದರು. ಕೆಲವರು ನಕ್ಕರು. ಅಪ್ಪ ನಗಲಿಲ್ಲ. ತೀರ್ಪುಗಾರರು ಅವರನ್ನು ಬೆಂಚಿಗೆ ಕಳಿಸಿ ಗಡಿಯಾರ ಹಾಕಿದರು.

ಆ ಹೊಡೆತದಿಂದ ಆಟವೇನೂ ಕೆಟ್ಟಿರಲಿಲ್ಲ ಎಂದು ಅದೇ ತೀರ್ಪುಗಾರರು ಆಮೇಲೆ ನನಗೆ ಹೇಳಿದರು. ಕುದುರೆಯಿಂದ ಆ ಕಾಲಾಳನ್ನು ಹೊಡೆದಿದ್ದರೆ ಆಟ ಹೆಚ್ಚುಕಡಿಮೆ ಸರಿಸಮ. ತಂಗಿ ಕುದುರೆಯನ್ನು ಮುಟ್ಟಲಿಲ್ಲ. ಬಿದ್ದ ಗೋಡೆಯನ್ನು ಮತ್ತೆ ಕಟ್ಟುವವಳಂತೆ, ಕುದುರೆಯ ಮುಂದಿನ ಕಾಲಾಳಿನಿಂದ ಹೊಡೆದಳು. ರಾಜನ ಪಕ್ಕ ಬಯಲಾಯಿತು. ಬಿಳಿ ಮಂತ್ರಿ ಹಲಗೆಯ ಅಂಚಿಗೆ ಬಂದು ಚೆಕ್ ಕೊಟ್ಟಿತು. ಕಪ್ಪು ರಾಜ ಮನೆ ಬಿಟ್ಟು ಹೊರಬರಬೇಕಾಯಿತು. ಅಪ್ಪ ಹಲಗೆ ನೋಡುತ್ತಿರಲಿಲ್ಲ. ಹೊರಗಿಟ್ಟಿದ್ದ ಆ ಒಂದು ಕಾಲಾಳನ್ನೇ ನೋಡುತ್ತಿದ್ದರು. ಹೆಚ್ಚು ಹೊತ್ತಾಗಲಿಲ್ಲ, ತಂಗಿ ರಾಜನನ್ನು ಮಲಗಿಸಿ ಕೈಕುಲುಕಿದಳು.

"ಬೇಜಾರ್ ಮಾಡ್ಕೋಬೇಡ್ರಿ" ಎಂದಳು ನೆಲಮಂಗಲದ ಹುಡುಗಿ. "ನಿಮಗ್ ಗೊತ್ತಿಲ್ಲ ಅಂತ ನಂಗೂ ಗೊತ್ತಿರ್ಲಿಲ್ಲ ಕಣ್ರೀ."

ಮೂವರೂ ಮನೆಗೆ ನಡೆದುಹೋಗುವಾಗ ಹಳೆಯ ಬಸ್ ನಿಲ್ದಾಣದ ಹತ್ತಿರ ಅಪ್ಪ ನಿಂತರು.

"ನಾನ್ ಅರ್ಧ ನೋಡ್ಕೊಂಡ್ ಬಂದ್ಬಿಟ್ಟೆ ಕಣಮ್ಮ."

"ಬಿಡಪ್ಪ" ಎಂದಳು ತಂಗಿ.

ಮನೆಯ ಬಾಗಿಲಲ್ಲೇ ಅಜ್ಜಿ ಕೇಳಿದರು, "ಏನಾಯ್ತೋ?" ಅಪ್ಪ ಚಪ್ಪಲಿ ಬಿಡುತ್ತಾ, "ಅವಳು ಸೋತಿಲ್ಲ, ನಾನ್ ಸೋತೆ. ಅವಳ ಆಟ ನಿಲ್ಸೋದಿಲ್ಲ" ಎಂದರು. ಅಜ್ಜಿ ತಿರುಗಿ ಒಳಗೆ ಹೋದರು. ಅಪ್ಪ ಯಾರೆದುರೂ ತಪ್ಪೊಪ್ಪಿದ್ದನ್ನು ಅವರು ಅದುವರೆಗೆ ಕೇಳಿರಲಿಲ್ಲ.

ನಾನು ಕಳಿಸಿದ ವರದಿಯಲ್ಲಿ ಆಯ್ಕೆಯಾದವರ ಹೆಸರುಗಳಿದ್ದವು. ಸೋತವರ ಹೆಸರು ಬರೆಯುವ ಪದ್ಧತಿ ಇರಲಿಲ್ಲ.

ಮುಂದಿನ ಭಾನುವಾರ ಅಪ್ಪ ಜಗಲಿಯಲ್ಲಿ ಹೊಸ ನಿಯಮ ಹೇಳಿದರು. ಯಾರೂ ಒಪ್ಪಲಿಲ್ಲ. "ಇಲ್ದಿರೋ ಮನೇಲಿ ಹೊಡಿಯೋದು ಯಾವ ನ್ಯಾಯ ಗುರುಗಳೇ? ಅದರ ಬದ್ಲು ಎರಡು ಮನೇನೇ ಬಿಟ್ಬಿಡೋಣ" ಎಂದು ಒಬ್ಬರು ಹೇಳಿದ್ದೇ ತೀರ್ಮಾನವಾಯಿತು. ಆ ಜಗಲಿಯಲ್ಲಿ ಕಾಲಾಳು ಮತ್ತೆ ಒಂದೇ ಮನೆ ನಡೆಯತೊಡಗಿತು. ಅಪ್ಪ ಮತ್ತು ತಂಗಿ ಮನೆಯಲ್ಲೇ ಹಲಗೆ ಹಾಸಿದರು. ಜಿಲ್ಲಾ ತಂಡದ ಆಯ್ಕೆಗೆ ಅವಳಿಗೆ ಮತ್ತೆ ಹೋಗಲಾಗಲಿಲ್ಲ. ಮರುವರ್ಷ ಮದುವೆಯಾಗಿ ಹೊಸಕೋಟೆಗೆ ಹೋದಳು.

ಅಪ್ಪನಿಗೆ ಈಗ ಎಂಬತ್ತು ದಾಟಿದೆ. ಹೋದ ಯುಗಾದಿಗೆ ತಂಗಿ ಬಂದಿದ್ದಳು. ಊಟವಾದ ಮೇಲೆ ಇಬ್ಬರೂ ಆಡಲು ಕೂತರು. ಅಪ್ಪನದು ಬಿಳಿ. ಮೂರನೆಯ ನಡೆಗೆ ತಂಗಿ ಒಂಟೆಯ ಮುಂದಿನ ಕಾಲಾಳನ್ನು ಎರಡು ಮನೆ ನೂಕಿ, ಅಪ್ಪನ ಕಾಲಾಳಿನ ಮಗ್ಗುಲಿಗೆ ನಿಲ್ಲಿಸಿದಳು. ಅಪ್ಪ ಅದನ್ನು ಹೊಡೆಯದೆ, ಕುದುರೆ ನಡೆಸಿದರು.