ಗದ್ದಲವಿಲ್ಲದ ಬಂದರು

ಹಾಯಿದೋಣಿಯಲ್ಲಿ ಗ್ರೀಸ್ ಸುತ್ತುವ ಯೋಚನೆ ನನ್ನದಲ್ಲ. ನನಗೆ ನೀರೆಂದರೆ ಆಗುವುದಿಲ್ಲ. ಮಂಡ್ಯದ ಕಡೆ ನಾಲೆಯ ಪಕ್ಕದಲ್ಲೇ ಬೆಳೆದರೂ ಈಜು ಕಲಿಯಲಿಲ್ಲ. ಏಳು ವರ್ಷದವನಿದ್ದಾಗ ಅದೇ ನಾಲೆಗೆ ಬಿದ್ದು, ದಾರಿಹೋಕನೊಬ್ಬ ಕೂದಲು ಹಿಡಿದು ಎಳೆದು ಹಾಕಿದ ಮೇಲೆ ಮತ್ತೆ ಆ ಕಡೆ ಸುಳಿಯಲಿಲ್ಲ. ಕುವೈತಿಗೆ ಬಂದು ಇಪ್ಪತ್ತಾರು ವರ್ಷ ಸಮುದ್ರದಿಂದ ಹತ್ತು ನಿಮಿಷದ ನಡಿಗೆಯಲ್ಲಿ ಬದುಕಿದ್ದೇನೆ. ಪ್ಯಾಂಟು ಮಡಚಿ ನೀರಿಗಿಳಿದದ್ದು ಎರಡೋ ಮೂರೋ ಸಲ. ಆ ಯೋಚನೆ ಕೆಳಗಿನ ಮಹಡಿಯ ಭಾಯಿಯದು.

ಬ್ನೇದ್ ಅಲ್ ಗಾರ್‌ನ ನಮ್ಮ ಕಟ್ಟಡದಲ್ಲಿ ನಾನು ಮತ್ತು ನನ್ನ ಹೆಂಡತಿ ನಾಲ್ಕನೇ ಮಹಡಿ, ಭಾಯಿ ಮೂರನೆಯದು. ಇಡೀ ಕಟ್ಟಡ ಅವರನ್ನು ಭಾಯಿ ಎಂದೇ ಕರೆಯುತ್ತಿತ್ತು. ಉಳ್ಳಾಲದ ಕಡೆಯ ಬ್ಯಾರಿ, ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿ ಆರೇಳು ವರ್ಷದಿಂದ ಒಬ್ಬರೇ ಇದ್ದರು. ಶುವೈಖ್‌ನಲ್ಲಿ ದೋಣಿ ಸಾಮಾನು ಮಾರುವ ಕಂಪನಿಯೊಂದರ ಸ್ಟೋರ್ ಅವರ ಕೈಯಲ್ಲಿತ್ತು. ಹಗ್ಗ, ಲಂಗರು, ಪ್ರೊಪೆಲ್ಲರು, ಲೈಫ್ ಜಾಕೆಟ್ಟು ಹೀಗೆ ಕಂಡವರ ದೋಣಿಗಳಿಗೆ ಮೂವತ್ತು ವರ್ಷ ಸಾಮಾನು ಎತ್ತಿಕೊಟ್ಟ ಮನುಷ್ಯ. ಅವರ ತಂದೆ ಮಂಜಿಯಲ್ಲಿದ್ದವರು. ಮಂಗಳೂರಿನಿಂದ ಲಕ್ಷದ್ವೀಪಕ್ಕೆ ಅಕ್ಕಿ, ಹೆಂಚು ಸಾಗಿಸುತ್ತಿದ್ದ ಹಾಯಿ ಹಡಗುಗಳಿಗೆ ಆ ಕಡೆ ಮಂಜಿ ಎನ್ನುತ್ತಾರೆ. ತಂದೆ ಅದರ ಚುಕ್ಕಾಣಿ ಹಿಡಿಯುತ್ತಿದ್ದರಂತೆ. ಮಗ ದೊಡ್ಡವನಾಗುವ ಹೊತ್ತಿಗೆ ಮಂಜಿಗಳು ಮುಗಿದಿದ್ದವು, ಮಗ ಗಲ್ಫಿಗೆ ಬಂದ.

ಸಕ್ಕರೆ ಕಾಯಿಲೆ ಭಾಯಿಯ ಎಡಗಣ್ಣನ್ನು ಆಗಲೇ ತಿಂದುಹಾಕಿತ್ತು. ಬಲಗಣ್ಣಿನ ಹಿಂದೆ ರಕ್ತ ಸೋರುತ್ತಿದೆ, ಇಂಜೆಕ್ಷನ್ ಕೊಟ್ಟು ನೋಡೋಣ ಎಂದಿದ್ದರು ಡಾಕ್ಟರು. ಇದು ಗೊತ್ತಿದ್ದದ್ದು ನನಗೆ ಮತ್ತು ನನ್ನ ಹೆಂಡತಿಗೆ ಮಾತ್ರ. ಕಂಪನಿಗೆ ತಿಳಿದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಇಕಾಮಾ, ಅಂದರೆ ವಾಸದ ಪರವಾನಗಿ, ಹೋಗುತ್ತದೆ, ಇಕಾಮಾ ಇಲ್ಲದವನಿಗೆ ಈ ದೇಶದಲ್ಲಿ ನಿಲ್ಲಲು ಜಾಗವಿಲ್ಲ. ಸ್ಟೋರಿನ ಯಾವ ಅರೆಯಲ್ಲಿ ಯಾವ ಬೋಲ್ಟು ಇದೆಯೆಂಬುದು ಅವರ ಬೆರಳುಗಳಿಗೆ ಗೊತ್ತಿದ್ದರಿಂದ ಹೇಗೋ ನಡೆಯುತ್ತಿತ್ತು. ಡಿಸೆಂಬರಿನಲ್ಲಿ ಇಕಾಮಾ ಮುಗಿಯುತ್ತಿತ್ತು. ಅದಕ್ಕೆ ಮೊದಲೇ ತಾವಾಗಿ ರಾಜೀನಾಮೆ ಕೊಟ್ಟು, ಎಲ್ಲರ ಕೈ ಕುಲುಕಿ, ಮರ್ಯಾದೆಯಿಂದ ಊರಿಗೆ ಹೋಗುವುದೆಂದು ತೀರ್ಮಾನ ಮಾಡಿದ್ದರು.

ಜನವರಿಯ ಒಂದು ಶುಕ್ರವಾರ ನಮ್ಮ ಮನೆಯಲ್ಲಿ ಊಟ ಮುಗಿಸಿ ಸುಲೈಮಾನಿ ಚಹಾ ಕುಡಿಯುತ್ತಾ ಭಾಯಿ ಅಂದರು, "ಕಣ್ಣು ಇರುವಾಗ ಒಂದು ಸಲ ಹಾಯಿ ಬಿಚ್ಚಿದ ದೋಣಿಯ ಚುಕ್ಕಾಣಿ ಹಿಡೀಬೇಕು ಇಂಜಿನಿಯರ್ರೆ. ಗ್ರೀಸಿನಲ್ಲಿ ಒಂದು ವಾರಕ್ಕೆ ದೋಣಿ ಸಿಗ್ತದೆ. ನಡೆಸ್ಲಿಕ್ಕೆ ಕಪ್ತಾನನೂ ಒಟ್ಟಿಗೆ ಬರ್ತಾನೆ. ನಮ್ಮ ಗಿರಾಕಿಗಳೆಲ್ಲ ಹೋಗ್ತಾರೆ. ಮೇ ತಿಂಗಳಲ್ಲಿ ಹೋಗುವನಾ? ನೀವು ಬರ್ಬೇಕು. ಕಾಗದಪತ್ರ ಎಲ್ಲ ನಿಮ್ಮದೇ."

ಕಾಗದಪತ್ರ ಎಂದರೆ ನಾನು. ಕಟ್ಟಡದಲ್ಲಿ ಯಾರ ವೀಸಾ ಫಾರಂ ಇದ್ದರೂ ನನ್ನ ಮೇಜಿನ ಮೇಲೆ ಹಾದು ಹೋಗಬೇಕು. ತಪ್ಪು ತುಂಬಿದವರನ್ನು ನಾನು ಸುಮ್ಮನೆ ಬಿಡುವವನೂ ಅಲ್ಲ. ಇಲ್ಲಿ ಜನ ಹಾಲಿನ ಪ್ಯಾಕೆಟ್ಟಿನ ತಾರೀಖು ನೋಡುವ ಮೊದಲು ಇಕಾಮಾದ ತಾರೀಖು ನೋಡಿಕೊಳ್ಳಬೇಕು ಎಂದು ಎಷ್ಟು ಜನರಿಗೆ ಬೈದಿದ್ದೇನೋ ಲೆಕ್ಕವಿಲ್ಲ. ಕುವೈತಿನಿಂದ ಯುರೋಪಿಗೆ ಹೋಗುವವರ ಇಕಾಮಾ, ವಾಪಸು ಬಂದ ದಿನದಿಂದ ಇನ್ನೂ ಮೂರು ತಿಂಗಳು ಬಾಕಿ ಇರಬೇಕು. ಇದು ನನಗೆ ಬಾಯಿಪಾಠ. ಅವತ್ತೇ ಒಂದು ಹಾಳೆಯಲ್ಲಿ ಪಟ್ಟಿ ಬರೆದೆ. ಭಾಯಿಯ ಇಕಾಮಾ ಡಿಸೆಂಬರ್, ಪ್ರವಾಸ ಮೇ, ಸರಿ ಎಂದು ಗುರುತು ಹಾಕಿದೆ.

ಅಥೆನ್ಸಿನ ಪಕ್ಕದ ದೊಡ್ಡ ಬಂದರಿನಲ್ಲಿ ಮೇ ತಿಂಗಳಿಗೆ ಒಳ್ಳೆಯ ದೋಣಿ ಖಾಲಿ ಇತ್ತು. ನಾನು ಆ ಬಂದರಿನ ವಿಡಿಯೊಗಳನ್ನು ನೋಡಿದೆ. ನೂರಾರು ದೋಣಿಗಳು ಒತ್ತೊತ್ತಾಗಿ ನಿಂತಿದ್ದವು. ಒಂದು ದೋಣಿ ಹೊರಡಬೇಕಾದರೆ ಅಕ್ಕಪಕ್ಕದವರೆಲ್ಲ ಎದ್ದು ನಿಂತು ಕೂಗುತ್ತಿದ್ದರು, ದಡದಲ್ಲಿ ಜನ ಬಿಯರ್ ಹಿಡಿದು ತಮಾಷೆ ನೋಡುತ್ತಿದ್ದರು. ಒಬ್ಬ ದಪ್ಪ ಮನುಷ್ಯ ದಡದಿಂದ ದೋಣಿಗೆ ಹಾಕಿದ ಹಲಗೆಯ ಮೇಲೆ ಕಾಲು ಜಾರಿ ನೀರಿಗೆ ಬಿದ್ದ, ಸುತ್ತ ಇದ್ದವರು ಚಪ್ಪಾಳೆ ತಟ್ಟಿದರು. ಆ ಹಲಗೆಯ ಮೇಲೆ ನನ್ನನ್ನೇ ಕಂಡೆ. ವಿಡಿಯೊ ಅಲ್ಲಿಗೇ ನಿಲ್ಲಿಸಿಬಿಟ್ಟೆ.

ಆಮೇಲೆ ನಾನು ಮಾಡಿದ್ದನ್ನು ನೇರವಾಗಿ ಹೇಳಿಬಿಡುತ್ತೇನೆ. ನನ್ನ ಹೆದರಿಕೆಯನ್ನು ಭಾಯಿಯ ಕಣ್ಣಿನ ಮೇಲೆ ಹೊರಿಸಿದೆ. ಅಷ್ಟು ಗದ್ದಲದಲ್ಲಿ ಒಂದೇ ಕಣ್ಣಿನವರು ಏನು ಕಾಣುತ್ತಾರೆ, ಎಡಗಡೆಯಿಂದ ಬರುವ ದೋಣಿ ತಿಳಿಯುವುದು ಹೇಗೆ ಎಂದೆಲ್ಲ ವಾದ ಹೂಡಿ ಬೇರೆ ಬಂದರು ಹುಡುಕತೊಡಗಿದೆ. ಲಾವ್ರಿಯೊ ಸಿಕ್ಕಿತು. ಅಥೆನ್ಸಿನಿಂದ ಆಗ್ನೇಯಕ್ಕೆ ಒಂದು ಸಣ್ಣ ಊರು. ದೋಣಿಗಳು ಕಡಿಮೆ, ಹೊರಟರೆ ಎದುರಿಗೇ ದ್ವೀಪ. ಎರಡು ತಿಂಗಳು ಆ ಬಂದರನ್ನು ನಕ್ಷೆಯಲ್ಲಿ, ಫೋಟೊಗಳಲ್ಲಿ, ಹೋಗಿಬಂದವರ ಟಿಪ್ಪಣಿಗಳಲ್ಲಿ ಓದಿದೆ. ನೀರಿನ ನಲ್ಲಿ ಎಲ್ಲಿ, ದೀಪದ ಕಂಬ ಎಲ್ಲಿ, ಮೀನಿನ ಅಂಗಡಿ ಎಲ್ಲಿ, ಹಲಗೆ ಎಷ್ಟು ಅಗಲ ಎಲ್ಲ ನನಗೆ ಗೊತ್ತಾಯಿತು.

ಅಲ್ಲಿ ಮೇ, ಜೂನ್ ತಿಂಗಳ ದೋಣಿಗಳು ಒಂದೂ ಉಳಿದಿರಲಿಲ್ಲ. ಜುಲೈ, ಆಗಸ್ಟಿನಲ್ಲಿ ಗಾಳಿ ವಿಪರೀತ. ಸಿಕ್ಕಿದ್ದು ಸೆಪ್ಟೆಂಬರಿನ ಕೊನೆಯ ವಾರ.

"ಸೆಪ್ಟೆಂಬರ್ ತುಂಬ ದೂರ ಆಯ್ತಲ್ಲ ಇಂಜಿನಿಯರ್ರೆ," ಎಂದರು ಭಾಯಿ. "ಗದ್ದಲ ಇದ್ರೆ ಎಂತ ಆಗ್ತದೆ? ಬಂದರಿನಲ್ಲಿ ಇರುವುದು ಒಂದು ಗಂಟೆ. ಆಮೇಲೆ ಸಮುದ್ರವೇ ಅಲ್ವಾ? ನೀವು ಬಂದರಿನ ಒಳಗೇ ಸುತ್ತುತ್ತಾ ಇದ್ದೀರಿ. ಹೊರಗೆ ಬರುವುದು ಯಾವಾಗ?"

"ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು ಭಾಯಿ. ನಾಲ್ಕು ತಿಂಗಳು ತಡೆದ್ರೆ ಆರಾಮಾಗಿ ಹೋಗ್ಬೋದು," ಎಂದೆ.

ನಮ್ಮವಳು ಅಡುಗೆಮನೆಯಿಂದ ಎಲ್ಲ ಕೇಳಿಸಿಕೊಂಡಿದ್ದಳು. ಭಾಯಿ ಇಳಿದು ಹೋದ ಮೇಲೆ ಬಂದು ಎದುರಿಗೆ ನಿಂತಳು. "ನಿಮಗೆ ನೀರು ಕಂಡ್ರೆ ಪುಕ್ಕಲು. ಅದನ್ನ ಅವ್ರ ಕಣ್ಣಿನ ಮೇಲೆ ಯಾಕ್ರೀ ಹಾಕ್ತೀರಾ? ನಾಲ್ಕು ತಿಂಗಳಲ್ಲಿ ಆ ಕಣ್ಣು ಹೇಗಿರುತ್ತೋ ಏನೋ."

ನಾನು ಅವಳ ಮೇಲೆ ರೇಗಿದೆ. ಏನೇನೋ ಅಂದೆ. ಭಾಯಿ ಮಾತ್ರ ಮರುದಿನ ಹೂಂ ಎಂದುಬಿಟ್ಟರು. ಕಾಗದಪತ್ರ ಬಲ್ಲವನ ಮಾತಿಗೆ ಎದುರಾಡಬಾರದು ಎಂಬ ಸಂಕೋಚ ಅವರಿಗೆ ಮೊದಲಿನಿಂದಲೂ ಇತ್ತು. ನಾನು ಆ ಸಂಕೋಚವನ್ನು ಬಳಸಿಕೊಂಡೆ.

ಹಾಳೆಯಲ್ಲಿ ತಾರೀಖುಗಳನ್ನು ತಿದ್ದಿದೆ. ವಿಮಾನ, ದೋಣಿ, ರಜೆ, ವಿಮೆ ಎಲ್ಲದರ ಮುಂದೆ ಮೇ ಎಂಬುದನ್ನು ಹೊಡೆದುಹಾಕಿ ಸೆಪ್ಟೆಂಬರ್ ಎಂದು ಬರೆದೆ. ಇಕಾಮಾದ ಸಾಲಿಗೆ ಜನವರಿಯಲ್ಲೇ ಸರಿ ಎಂಬ ಗುರುತು ಬಿದ್ದಿತ್ತಲ್ಲ, ಅದನ್ನು ಮತ್ತೆ ನೋಡಲಿಲ್ಲ. ನನ್ನ ಇಕಾಮಾ ಆಗಷ್ಟೇ ಹೊಸದಾಗಿತ್ತು, ಆ ನೆಮ್ಮದಿಯೂ ಇತ್ತೇನೋ.

ಜುಲೈಯಲ್ಲಿ ಇಬ್ಬರೂ ವೀಸಾ ಅರ್ಜಿ ಕೊಡುವ ಕಚೇರಿಗೆ ಹೋದೆವು. ಹೊರಗೆ ಕಾರಿನ ಬಾಗಿಲು ಮುಟ್ಟಿದರೆ ಕೈ ಸುಡುವ ಬಿಸಿಲು. ಅಷ್ಟರಲ್ಲಾಗಲೇ ಭಾಯಿ ಮೆಟ್ಟಿಲು ಇಳಿಯುವಾಗ ಗೋಡೆ ಸವರುತ್ತಿದ್ದರು. ನನ್ನ ಫೈಲನ್ನು ಕೌಂಟರಿನ ಹೆಣ್ಣುಮಗಳು ಎರಡು ನಿಮಿಷದಲ್ಲಿ ತೆಗೆದುಕೊಂಡಳು. ಭಾಯಿಯ ಫೈಲು ಬಿಚ್ಚಿ, ಇಕಾಮಾದ ಕಾಗದ ನೋಡಿ, ಬೆರಳು ಮಡಚಿ ತಿಂಗಳು ಎಣಿಸಿದಳು. ವಾಪಸು ಬರುವುದು ಅಕ್ಟೋಬರಿನ ಮೊದಲ ವಾರ, ಇಕಾಮಾ ಮುಗಿಯುವುದು ಡಿಸೆಂಬರಿನ ಮಧ್ಯ. ಮೂರು ತಿಂಗಳಿಲ್ಲ, ಮೊದಲು ಇಕಾಮಾ ಹೊಸದು ಮಾಡಿಸಿಕೊಂಡು ಬನ್ನಿ ಎಂದು ಫೈಲನ್ನು ನನ್ನತ್ತ ತಳ್ಳಿದಳು.

ನಾನು ಅಲ್ಲೇ ನಿಂತೆ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ನಾನು ಲಿಫ್ಟಿನಲ್ಲೇ ಮಾನ ತೆಗೆಯುತ್ತಿದ್ದೆ. ಭಾಯಿ ನನ್ನ ಕೈಯಿಂದ ಫೈಲು ತೆಗೆದುಕೊಂಡು ಬಾಗಿಲ ಕಡೆ ನಡೆದರು. ಕಾರಿನಲ್ಲಿ ಕುಳಿತ ಮೇಲೆ, "ಕಂಪನಿಯಲ್ಲಿ ಕೇಳಿ ನೋಡುವ. ಬೇಗ ಮಾಡಿ ಕೊಟ್ರೂ ಕೊಟ್ಟಾರು," ಎಂದರು.

ಬೇಡ ಎನ್ನಬೇಕಾಗಿತ್ತು. ಅರವತ್ತು ದಾಟಿದವರ ಇಕಾಮಾ ಹೊಸದು ಮಾಡುವ ಮುಂಚೆ ಆ ಕಂಪನಿಯಲ್ಲಿ ಅವರದೇ ಡಾಕ್ಟರು ಪರೀಕ್ಷೆ ಮಾಡುತ್ತಾರೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಆದರೆ ನನ್ನ ತಪ್ಪು ಹೇಗಾದರೂ ಮುಚ್ಚಿಹೋಗಲಿ ಎಂಬ ಆಸೆ ನನಗೆ. ಕಣ್ಣಿನ ಪರೀಕ್ಷೆಗೆ ಅಕ್ಷರದ ಹಲಗೆ ಓದಿಸುವುದು ಹೆಸರಿಗೆ ಮಾತ್ರ, ಸಾಲುಗಳನ್ನು ಬಾಯಿಪಾಠ ಮಾಡಿಕೊಂಡರೆ ಆಯಿತು ಎಂದೆ. ಮೂರು ಸಂಜೆ ಅವರ ಮನೆಯಲ್ಲಿ ಕುಳಿತು ಇಂಗ್ಲಿಷ್ ಅಕ್ಷರಗಳನ್ನು ಉರು ಹೊಡೆಸಿದೆ. ಅರವತ್ತೊಂದರ ಮನುಷ್ಯ ಮಕ್ಕಳ ಹಾಗೆ ಕಣ್ಣು ಮುಚ್ಚಿ ಒಪ್ಪಿಸಿದರು.

ಡಾಕ್ಟರು ಹಲಗೆಯನ್ನು ತೋರಿಸಲೇ ಇಲ್ಲವಂತೆ. ಕಣ್ಣಿಗೆ ಟಾರ್ಚು ಬಿಟ್ಟರಂತೆ.

"ಖಲಾಸ್," ಎಂದು ಭಾಯಿ ಬಂದು ನಮ್ಮ ಸೋಫಾದ ಮೇಲೆ ಕುಳಿತರು. ಕೆಲಸಕ್ಕೆ ಅನರ್ಹ ಎಂದು ಬರೆದಿದ್ದರು. ಮರುದಿನ ಸ್ಟೋರಿನ ಬೀಗದ ಕೈ ವಾಪಸು ತೆಗೆದುಕೊಂಡರು. ಮೂವತ್ತು ವರ್ಷ ದುಡಿದವರನ್ನು ಹತ್ತು ದಿನದಲ್ಲಿ ಇಕಾಮಾ ಕ್ಯಾನ್ಸಲ್ ಮಾಡಿ ಕಳಿಸಿದರು. ಕೈ ಕುಲುಕುವ ಕಾರ್ಯಕ್ರಮ ಯಾವುದೂ ಆಗಲಿಲ್ಲ. ಏರ್‌ಪೋರ್ಟಿಗೆ ಬಿಡಲು ಹೋದದ್ದು ನಾವಿಬ್ಬರೇ. ನನ್ನ ಹೆಂಡತಿ ಅತ್ತಳು. ನಾನು ಅವರ ಬ್ಯಾಗಿನ ಜಿಪ್ಪು ಸರಿ ಮಾಡುತ್ತಾ ನಿಂತಿದ್ದೆ.

"ಡಿಸೆಂಬರಿಗೆ ಹೇಗೂ ಹೋಗ್ಲಿಕ್ಕಿತ್ತಲ್ಲ. ನೀವು ಬೇಜಾರು ಮಾಡ್ಬೇಡಿ," ಎಂದರು ಭಾಯಿ. "ನಿಮ್ಮ ವೀಸಾ ಬಂದಿದೆಯಲ್ಲ, ನೀವು ಹೋಗಿ. ಹೋಗಿ ಆ ಬಂದರಿನ ದಕ್ಕೆಯಿಂದ ನನಗೆ ಫೋನ್ ಮಾಡಿ. ಅಷ್ಟು ಓದಿದ್ದೀರಿ, ಹೇಗುಂಟು ಅಂತ ಹೇಳಿ."

ಆಗಲಿ ಎಂದೆ.

ನಾನು ಹೋಗಲಿಲ್ಲ. ನಾಚಿಕೆಯಾಗಿ ಹೋಗಲಿಲ್ಲ ಎಂದರೆ ಕೇಳಲು ಚೆನ್ನಾಗಿರುತ್ತದೆ, ಆದರೆ ಅದು ಅರ್ಧ ಮಾತ್ರ. ಒಬ್ಬನೇ ಆ ಹಲಗೆ ಹತ್ತುವ ಧೈರ್ಯ ಇರಲಿಲ್ಲ. ದೋಣಿಯನ್ನೂ ಟಿಕೆಟ್ಟನ್ನೂ ರದ್ದು ಮಾಡಿದೆ, ಭಾಯಿಗೆ ಹೇಳಲಿಲ್ಲ. ಊರಿನಲ್ಲಿ ಅವರ ಬಲಗಣ್ಣೂ ಆರಿತ್ತು. ಬೆಳಕು ಕತ್ತಲೆ ಮಾತ್ರ ತಿಳಿಯುತ್ತದೆ ಎಂದು ಅವರ ಹೆಂಡತಿ ಫೋನಿನಲ್ಲಿ ಹೇಳಿದ್ದರು.

ಸೆಪ್ಟೆಂಬರಿನ ಕೊನೆಯ ಶನಿವಾರ, ದೋಣಿ ಹೊರಡಬೇಕಾಗಿದ್ದ ದಿನ, ಮಧ್ಯಾಹ್ನ ಊಟ ಮುಗಿಸಿ ಬಾಲ್ಕನಿಯಲ್ಲಿ ಬಟ್ಟೆ ತೆಗೆಯುತ್ತಿದ್ದಾಗ ಭಾಯಿಯ ಫೋನು ಬಂತು. ಮೊದಲೆಲ್ಲ ವಿಡಿಯೊ ಕಾಲ್ ಮಾಡುತ್ತಿದ್ದವರು ಈಗ ಬರೀ ಮಾತಿನ ಕಾಲ್ ಮಾಡಿದ್ದರು.

"ತಲುಪಿದ್ರಾ ಇಂಜಿನಿಯರ್ರೆ? ದಕ್ಕೆಯಲ್ಲಿ ಇದ್ದೀರಾ?"

ಇಲ್ಲ ಎನ್ನಲು ಬಾಯಿ ತೆರೆದೆ, ಹೂಂ ಎಂದುಬಿಟ್ಟೆ. ಆ ಧ್ವನಿಯಲ್ಲಿ ಅಷ್ಟು ಸಂಭ್ರಮವಿತ್ತು.

"ಹೇಳಿ ಮತ್ತೆ."

ಹೇಳಿದೆ. ಎಡಕ್ಕೆ ಉದ್ದನೆಯ ಕಲ್ಲಿನ ಕಟ್ಟೆ, ತುದಿಯಲ್ಲಿ ದೀಪದ ಕಂಬ. ಬಲಕ್ಕೆ ಮೀನುಗಾರರ ದೋಣಿಗಳು, ಹಳದಿ ಬಲೆಗಳು. ಹನ್ನೆರಡೋ ಹದಿಮೂರೋ ಹಾಯಿದೋಣಿಗಳು, ನಮ್ಮದು ಕೊನೆಯಿಂದ ಎರಡನೆಯದು. ಹಲಗೆ ಅಗಲವಾಗಿದೆ, ಹಿಡಿಯಲು ಹಗ್ಗ ಕಟ್ಟಿದ್ದಾರೆ. ಜನ ಇಲ್ಲ, ಗದ್ದಲ ಇಲ್ಲ. ಎರಡು ತಿಂಗಳು ಓದಿದ್ದೆಲ್ಲ ತಡವರಿಸದೆ ಬಂತು. ಭಾಯಿ ಹಾಂ, ಹಾಂ ಎನ್ನುತ್ತಾ ಕೇಳುತ್ತಿದ್ದರು.

ಅಷ್ಟರಲ್ಲಿ ಎದುರಿನ ಮಸೀದಿಯಲ್ಲಿ ಮೈಕು ಒಮ್ಮೆ ಕರ್ ಎಂದಿತು. ಫೋನು ಮುಚ್ಚಿಕೊಳ್ಳುವ ಮೊದಲೇ ಇಳಿಮಧ್ಯಾಹ್ನದ ಅಸರ್ ನಮಾಜಿನ ಬಾಂಗ್ ಶುರುವಾಯಿತು. ಭಾಯಿ ಇಪ್ಪತ್ತು ವರ್ಷ ದಿನಕ್ಕೆ ಐದು ಸಲ ಕೇಳಿದ, ಎಳೆಯುವಾಗ ಸ್ವಲ್ಪ ಒಡೆಯುವ ಆ ಮುದುಕರ ಗಂಟಲು. ನಾನು ಬಾಲ್ಕನಿಯಿಂದ ಒಳಗೆ ಓಡಿದೆ, ಬಾಗಿಲು ಹಾಕಿದೆ. ಪ್ರಯೋಜನವಿರಲಿಲ್ಲ.

ಬಾಂಗ್ ಮುಗಿಯುವವರೆಗೆ ಫೋನು ಕಿವಿಗೆ ಹಿಡಿದೇ ಇದ್ದೆ. ಬೈಯಲಿ ಎಂದು ಕಾದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಅವರ ಸ್ವರ ಇನ್ನೂ ಹಾಗೇ ಉಂಟಲ್ಲ," ಎಂದರು ಭಾಯಿ, ಮೆಲ್ಲಗೆ. "ಇರ್ಲಿ. ಮುಂದೆ ಹೇಳಿ ಇಂಜಿನಿಯರ್ರೆ. ಹಗ್ಗ ಬಿಚ್ಚಿದ್ರು. ಆಮೇಲೆ? ಹಾಯಿ ಎತ್ತಿದ ಮೇಲೆ ಹೇಗಾಗ್ತದೆ?"

ಆ ಬಂದರಿನಿಂದ ಆಚೆಗೆ ಒಂದು ಪುಟವನ್ನೂ ನಾನು ಓದಿರಲಿಲ್ಲ.